ಕರಿದ ಮೀನಿನ ಲೆಕ್ಕ

ಮೀನು ಒಳ್ಳೆಯದು, ಕರಿದದ್ದು ಕೆಟ್ಟದ್ದು. ಈ ಎರಡೂ ಮಾತನ್ನು ನಮ್ಮ ಡಾಕ್ಟರುಗಳು ಒಂದೇ ಉಸಿರಿಗೆ ಹೇಳುತ್ತಾರೆ. ಹಾಗಾದರೆ ಕರಿದ ಮೀನು ಯಾವ ಪಾಲಿಗೆ ಸೇರಿತು ಎಂದು ಕೇಳಿದರೆ ಹೆಚ್ಚಿನವರ ಉತ್ತರ ಸಿದ್ಧವಾಗಿಯೇ ಇರುತ್ತದೆ: ಕರಿದ ಮೇಲೆ ಮೀನಿನ ಸತ್ವವೆಲ್ಲ ಹೋಯಿತು, ಉಳಿದದ್ದು ನಾಲಗೆಯ ಚಪಲ. ಈ ಉತ್ತರ ಅರ್ಧ ತಪ್ಪು. ಇನ್ನರ್ಧ ಸರಿಯೋ ತಪ್ಪೋ ಎಂಬುದು ಯಾರು ತಿನ್ನುತ್ತಿದ್ದಾರೆ, ಯಾವ ಎಣ್ಣೆಯಲ್ಲಿ ಕರಿದದ್ದು, ಆ ದಿನದ ಉಳಿದ ಊಟ ಏನು ಎಂಬುದರ ಮೇಲೆ ನಿಂತಿದೆ. ತಿನ್ನುವವರನ್ನು ಬಿಟ್ಟು ತಿನಿಸಿಗೆ ಮಾತ್ರ ಅಂಕ ಕೊಡುವ ಪೌಷ್ಟಿಕತೆಯ ಮಾತು ಎಷ್ಟು ಪೊಳ್ಳು ಎಂಬುದಕ್ಕೆ ಕರಿದ ಮೀನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ ಲೆಕ್ಕವನ್ನು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮೊರಪ್ಪೂರಿನ ಸುತ್ತಮುತ್ತ ಇಟ್ಟು ನೋಡೋಣ. ಜೋಲಾರಪೇಟೆಯಿಂದ ಸೇಲಂಗೆ ಹೋಗುವ ರೈಲು ಮಾರ್ಗದ ಮೇಲಿರುವ ಈ ಊರಿಗೆ ಸಮುದ್ರ ದೂರ. 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರೆಯಾದ ಧರ್ಮಪುರಿ ಒಣ ಸೀಮೆ. ಇಲ್ಲಿನ ತಮಿಳು, ತೆಲುಗು, ಕನ್ನಡ ಮನೆಗಳೆಲ್ಲಕ್ಕೂ ಹಳೆಯ ಆಧಾರ ರಾಗಿ. ನಮ್ಮ ಮುದ್ದೆ ಅಲ್ಲಿ ಕಳಿ ಆಗುತ್ತದೆ, ಅಷ್ಟೇ ವ್ಯತ್ಯಾಸ. ಆದರೆ ಈ ಒಣ ಸೀಮೆಯನ್ನು ನಾಲ್ಕು ಕಡೆಯಿಂದ ನೀರು ಸುತ್ತುವರಿದಿದೆ. ಪಶ್ಚಿಮಕ್ಕೆ ಕಾವೇರಿ ಧುಮುಕುವ ಹೊಗೇನಕಲ್, ಅದರ ಕೆಳಗೆ 1934ರಲ್ಲಿ ಕಟ್ಟಿ ಮುಗಿದ ಮೆಟ್ಟೂರು ಅಣೆಕಟ್ಟು, ಉತ್ತರಕ್ಕೆ ದಕ್ಷಿಣ ಪಿನಾಕಿನಿಯ ಕೃಷ್ಣಗಿರಿ ಜಲಾಶಯ, ಪೂರ್ವಕ್ಕೆ ಅದೇ ಹೊಳೆಯ ಸಾತನೂರು ಅಣೆಕಟ್ಟು. ಈ ನಾಲ್ಕು ಕಡೆಯೂ ನೀರು ನೋಡಲು ಹೋದವರಿಗೆ ಮೊದಲು ಎದುರಾಗುವುದು ಮೀನು ಫ್ರೈ ಅಂಗಡಿಗಳ ಸಾಲು. ಖಾರದಪುಡಿ, ಅರಿಸಿನ, ಶುಂಠಿ ಬೆಳ್ಳುಳ್ಳಿ ಮೆತ್ತಿದ ಕಾಟ್ಲಾ, ರೋಹು, ಜಿಲೇಬಿ ಮೀನಿನ ತುಂಡುಗಳು ತಟ್ಟೆಗಳಲ್ಲಿ ಸಾಲಾಗಿ ಕಾಯುತ್ತಿರುತ್ತವೆ. ಹೊಗೇನಕಲ್ಲಿನಲ್ಲಂತೂ ಮೀನು ಕೊಂಡು ಕೊಟ್ಟರೆ ಅಲ್ಲಿಯೇ ಹುರಿದು, ಸಾರು ಮಾಡಿ ಬಡಿಸಿ ಕೂಲಿ ಪಡೆಯುವ ಹೆಂಗಸರಿದ್ದಾರೆ. ಶನಿವಾರ ಭಾನುವಾರ ಅವರ ಗಿರಾಕಿಗಳಲ್ಲಿ ಬೆಂಗಳೂರಿನ ಕಾರುಗಳಲ್ಲಿ ಬಂದವರೇ ಬಹಳ.

ಮೊದಲು ಹಸಿ ಮೀನಿನಲ್ಲಿ ಏನಿದೆ ನೋಡಬೇಕು. ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮೀನಿನ 100 ಗ್ರಾಂ ಮಾಂಸದಲ್ಲಿ ಪ್ರೋಟೀನು 17ರಿಂದ 20 ಗ್ರಾಂ, ಕೊಬ್ಬು 2 ಗ್ರಾಮಿನ ಆಸುಪಾಸು, ಒಟ್ಟು ಶಕ್ತಿ ಸುಮಾರು 100 ಕ್ಯಾಲೊರಿ. ಬಡವರ ಮೀನೆಂದು ಮೂಗು ಮುರಿಸಿಕೊಳ್ಳುವ ಜಿಲೇಬಿ ಮೀನಿನದೂ ಹೆಚ್ಚುಕಡಿಮೆ ಇದೇ ಅಳತೆ. 1952ರಲ್ಲಿ ಭಾರತಕ್ಕೆ ತಂದು ಬಿಟ್ಟ ಈ ಆಫ್ರಿಕಾದ ಮೀನು ಇಂದು ದಕ್ಷಿಣದ ಕೆರೆ ಜಲಾಶಯಗಳನ್ನೆಲ್ಲ ತುಂಬಿಕೊಂಡು ನಾಡಮೀನುಗಳಿಗೆ ತೊಂದರೆ ಕೊಟ್ಟಿರುವುದು ನಿಜ. ಆದರೆ ತಟ್ಟೆಗೆ ಬಂದ ಮೇಲೆ ಅದರ ಪ್ರೋಟೀನು ದುಬಾರಿ ಮೀನಿನ ಪ್ರೋಟೀನಿಗೆ ಯಾವುದರಲ್ಲೂ ಕಡಿಮೆಯಲ್ಲ. ಬೆಲೆ ಹೆಚ್ಚಿದಂತೆ ಸತ್ವವೂ ಹೆಚ್ಚುತ್ತದೆ ಎಂಬ ನಂಬಿಕೆಗೆ ಮೀನು ಮಾರುಕಟ್ಟೆಯಲ್ಲಿ ಆಧಾರವಿಲ್ಲ. ಇದರ ಜೊತೆಗೆ ಸೊಪ್ಪು, ಕಾಳು, ರಾಗಿ ಯಾವುದರಲ್ಲೂ ಸಿಗದ ಬಿ12 ಜೀವಸತ್ವ ಮೀನಿನಲ್ಲಿದೆ.

ಒಂದು ವಿಷಯದಲ್ಲಿ ಮಾತ್ರ ಹೊಳೆ ಮೀನನ್ನು ಹೊಗಳುವಾಗ ಜಾಗ್ರತೆ ಬೇಕು. ಹೃದಯಕ್ಕೆ ಒಳ್ಳೆಯದೆಂದು ಹೆಸರಾದ ಒಮೆಗಾ-3 ಕೊಬ್ಬು ಹೇರಳವಾಗಿರುವುದು ಬೂತಾಯಿ, ಬಂಗುಡೆಯಂಥ ಕೊಬ್ಬುಳ್ಳ ಕಡಲ ಮೀನುಗಳಲ್ಲಿ. ಗೆಂಡೆಯಲ್ಲಿ ಅದು ಸ್ವಲ್ಪವೇ. ಅಯೋಡಿನ್ ಕೂಡ ಹೊಳೆ ಮೀನಿನಲ್ಲಿ ಕಡಿಮೆ. ಹೀಗಾಗಿ ಮಂಗಳೂರಿನ ಬಂಗುಡೆಗೆ ಹೇಳಿದ ಮಾತನ್ನು ಮೆಟ್ಟೂರಿನ ಕಾಟ್ಲಾಕ್ಕೆ ಹಾಗೆಯೇ ಹಚ್ಚುವಂತಿಲ್ಲ.

ಇನ್ನು ಬಾಣಲೆಯ ವಿಷಯ. ಚೆನ್ನಾಗಿ ಕಾದ ಎಣ್ಣೆಗೆ, ಅಂದರೆ 160ರಿಂದ 180 ಡಿಗ್ರಿಯಷ್ಟು ಬಿಸಿಗೆ, ತುಂಡು ಬಿದ್ದ ಕ್ಷಣ ಅದರ ಮೇಲ್ಮೈಯ ನೀರು ಆವಿಯಾಗಿ ಹೊರನುಗ್ಗುತ್ತದೆ. ಚರ್ ಎನ್ನುವ ಸದ್ದು ಆ ಆವಿಯದು. ಆವಿ ಹೊರಗೆ ಬರುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗುವುದು ಕಷ್ಟ. ಮೀನು ಎಣ್ಣೆ ಕುಡಿಯುವುದು ಹೆಚ್ಚಾಗಿ ಬಾಣಲೆಯಿಂದ ತೆಗೆದ ಮೇಲೆ. ತಣ್ಣಗಾಗುವಾಗ ಒಳಗಿನ ಆವಿ ಮತ್ತೆ ನೀರಾಗಿ, ಖಾಲಿಯಾದ ಜಾಗಕ್ಕೆ ಮೇಲೆ ಅಂಟಿದ್ದ ಎಣ್ಣೆ ಸೇದಿಕೊಂಡು ಬರುತ್ತದೆ. ಇದನ್ನು ಬಲ್ಲ ಅಡುಗೆಯವರು ಎಣ್ಣೆ ಸರಿಯಾಗಿ ಕಾಯುವ ಮೊದಲು ತುಂಡು ಬಿಡುವುದಿಲ್ಲ, ಒಮ್ಮೆಗೇ ಬಾಣಲೆ ತುಂಬುವುದಿಲ್ಲ, ತೆಗೆದದ್ದನ್ನು ಬಿಸಿಯಿರುವಾಗಲೇ ಜಾಲರಿಯಲ್ಲಿ ಬಸಿಯುತ್ತಾರೆ. ಅವಸರದ ಅಂಗಡಿಯಲ್ಲಿ ಮೂರೂ ತಪ್ಪುತ್ತವೆ. ಅಲ್ಲಿನ ಮೀನು ಕೈಗೆ ಎಣ್ಣೆ ಒಸರುತ್ತಾ ಬರುತ್ತದೆ.

ಈ ವ್ಯತ್ಯಾಸದ ಬೆಲೆ ಲೆಕ್ಕಕ್ಕೆ ಸಿಗುವಂಥದ್ದು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ತವಾದ ಮೇಲೆ ಹುರಿದ ತುಂಡು 5 ಗ್ರಾಂ ಎಣ್ಣೆ ಹಿಡಿದರೆ 45 ಕ್ಯಾಲೊರಿ ಕೂಡಿತು. ಹಿಟ್ಟು ಮೆತ್ತಿ ಮುಳುಗಿಸಿ ಕರಿದದ್ದು 10 ಗ್ರಾಂ ಹೀರಿದರೆ 90. ನೂರು ಕ್ಯಾಲೊರಿಯ ಮೀನು ನೂರೈವತ್ತರ ಹತ್ತಿರವೋ ಇನ್ನೂರರ ಹತ್ತಿರವೋ ಬಂದು ನಿಲ್ಲುತ್ತದೆ. ಅದರೊಳಗಿನ ಪ್ರೋಟೀನು ಎಲ್ಲಿಗೂ ಹೋಗಿರುವುದಿಲ್ಲ. ನೀರು ಆರಿದ್ದರಿಂದ ತೂಕ ಇಳಿದು, ತಿನ್ನುವ ಪ್ರತಿ ಗ್ರಾಮಿನಲ್ಲಿ ಪ್ರೋಟೀನು ಇನ್ನಷ್ಟು ದಟ್ಟವಾಗಿಯೇ ಇರುತ್ತದೆ. ಬಿ12 ಮತ್ತು ಖನಿಜಗಳು ಬಹುಪಾಲು ಉಳಿಯುತ್ತವೆ. ನಷ್ಟವಾಗುವುದು ಬೇರೆ ಎರಡು. ಒಮೆಗಾ-3 ಕೊಬ್ಬಿನ ಒಂದು ಭಾಗ ಬಾಣಲೆಯ ಎಣ್ಣೆಗೆ ಇಳಿದುಹೋಗಿ, ಅದರ ಜಾಗಕ್ಕೆ ಅಡುಗೆ ಎಣ್ಣೆಯ ಕೊಬ್ಬು ಸೇರುತ್ತದೆ. ಡಿ ಜೀವಸತ್ವಕ್ಕೂ ಪೆಟ್ಟು ಬೀಳುತ್ತದೆ: ಬಾಸ್ಟನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದಂತೆ ಒಲೆಯಲ್ಲಿ ಬೇಯಿಸಿದ ಸಾಲ್ಮನ್ ಮೀನಿನಲ್ಲಿ ಡಿ ಬಹುತೇಕ ಹಾಗೆಯೇ ಉಳಿದಿತ್ತು, ಎಣ್ಣೆಯಲ್ಲಿ ಕರಿದದ್ದರಲ್ಲಿ ಅರ್ಧದಷ್ಟು ಇರಲಿಲ್ಲ.

ಕರಿಯುವುದರಿಂದ ಒಂದು ಲಾಭವೂ ಇದೆ. ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಬೆರಳುದ್ದದ ಸಣ್ಣ ಮೀನುಗಳನ್ನು ಸಾರಿಗೆ ಹಾಕಿದರೆ ಮುಳ್ಳು ತೆಗೆದು ತಟ್ಟೆಯಂಚಿಗೆ ಇಡುತ್ತೇವೆ. ಅವನ್ನೇ ಗರಿಗರಿಯಾಗಿ ಕರಿದರೆ ತಲೆ, ಮುಳ್ಳು ಸಮೇತ ಅಗಿದು ನುಂಗುತ್ತೇವೆ. ಮೀನಿನ ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ. ಸಣ್ಣ ಮೀನಿನ ತಲೆ ಕಣ್ಣುಗಳಲ್ಲಿ ಎ ಜೀವಸತ್ವವೂ ಇದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇಂಥ ಪುಡಿ ಮೀನುಗಳ ಸತ್ವವನ್ನು ಅಳೆದು, ಅವನ್ನು ಮನೆಯ ಹೊಂಡಗಳಲ್ಲಿ ಸಾಕಿಸಿ, ತಾಯಿ ಮಕ್ಕಳ ಊಟಕ್ಕೆ ಸೇರಿಸಿದ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರ ವಿಶ್ವ ಆಹಾರ ಪ್ರಶಸ್ತಿ ಬಂತು. ದೊಡ್ಡ ಮೀನಿನ ದಪ್ಪ ತುಂಡಿಗಿಂತ ಒಂದು ಹಿಡಿ ಪುಡಿ ಮೀನು ಮಗುವಿಗೆ ಹೆಚ್ಚು ಕೊಡಬಲ್ಲದು ಎಂಬುದು ಆ ಕೆಲಸದ ಸಾರ.

ಧರ್ಮಪುರಿಯಲ್ಲಿ ಕ್ಯಾಲ್ಸಿಯಂ ವಿಷಯ ಬರಿಯ ಪಠ್ಯಪುಸ್ತಕದ ಮಾತಲ್ಲ. ಇಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಹಲ್ಲು ಕಂದುಗಟ್ಟುವುದು, ಮೂಳೆ ಸೆಟೆಯುವುದು, ಅಂದರೆ ಫ್ಲೋರೋಸಿಸ್, ಈ ಜಿಲ್ಲೆಯ ಹಳೆಯ ಕಷ್ಟ. ಕಾವೇರಿಯ ನೀರನ್ನು ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕೊಡುವ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಚಾಲೂ ಆದದ್ದು ಈ ಕಾರಣಕ್ಕೆ. 2008ರಲ್ಲಿ ಅದರ ಸುತ್ತ ಕರ್ನಾಟಕ, ತಮಿಳುನಾಡುಗಳ ನಡುವೆ ಎದ್ದ ಗದ್ದಲ ನಮ್ಮ ಓದುಗರಿಗೆ ನೆನಪಿದೆ. ಫ್ಲೋರೋಸಿಸ್ ಎಂಬ ಪದ ಮಾತ್ರ ಆ ಗದ್ದಲದಲ್ಲಿ ನಮ್ಮ ಕಡೆ ಹೆಚ್ಚು ಕೇಳಿಸಲಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಫ್ಲೋರೈಡಿನ ಹೊಡೆತ ತಗ್ಗುತ್ತದೆ, ಕ್ಯಾಲ್ಸಿಯಂ ಕೊರತೆಯಿದ್ದರೆ ಅದೇ ನೀರು ಹೆಚ್ಚು ಹಾನಿ ಮಾಡುತ್ತದೆ. ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುವ ರಾಗಿಯನ್ನು ಬಿಟ್ಟು ಪಡಿತರದ ಬಿಳಿ ಅಕ್ಕಿಗೆ ಹೊರಳಿದ ಮನೆಗಳಲ್ಲಿ ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿಗೆ ಬೆಲೆ ಇನ್ನೂ ಜಾಸ್ತಿ.

ರಾಗಿ ಉಳಿದಿರುವ ಮನೆಯಲ್ಲೂ ಮೀನಿಗೆ ಕೆಲಸವಿದೆ. ರಾಗಿಯಲ್ಲಿ ಕಬ್ಬಿಣವಿದ್ದರೂ ಅದರೊಳಗಿನ ಫೈಟೇಟ್, ಟ್ಯಾನಿನ್‌ಗಳು ಆ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ದೇಹಕ್ಕೆ ದಕ್ಕುವುದು ಸ್ವಲ್ಪ. ಮೀನು ಮಾಂಸಗಳು ತಮ್ಮ ಕಬ್ಬಿಣವನ್ನು ಕೊಡುವುದರ ಜೊತೆಗೆ ಅದೇ ಊಟದ ಧಾನ್ಯದ ಕಬ್ಬಿಣವೂ ಹೀರಿಕೆಯಾಗಲು ನೆರವಾಗುತ್ತವೆ. ಮೇಲೆ ಹಿಂಡಿದ ನಿಂಬೆಹಣ್ಣಿನ ಸಿ ಜೀವಸತ್ವದ ಕೆಲಸವೂ ಅದೇ. ರಾಗಿಯ ಪ್ರೋಟೀನಿನಲ್ಲಿ ಕಡಿಮೆಯಿರುವ ಲೈಸೀನ್ ಮೀನಿನಲ್ಲಿ ಧಾರಾಳ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ತಮಿಳುನಾಡಿನಲ್ಲಿ ನೂರಕ್ಕೆ 53, ಕರ್ನಾಟಕದಲ್ಲಿ 48, ದೇಶದಲ್ಲಿ 57. ಇಂಥ ಕಡೆ ಮುದ್ದೆಯ ಪಕ್ಕದ ಒಂದು ತುಂಡು ಮೀನು, ಕರಿದದ್ದೇ ಆಗಿದ್ದರೂ, ಚಪಲದ ಪಟ್ಟಿಗೆ ಸೇರುವ ವಸ್ತುವಲ್ಲ.

ಹಾಗಾದರೆ ಕರಿದ ಮೀನು ಹೃದಯಕ್ಕೆ ಕೆಟ್ಟದ್ದು ಎಂಬ ಮಾತು ಬಂದದ್ದು ಎಲ್ಲಿಂದ? ಅದಕ್ಕೂ ಆಧಾರವಿದೆ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಅಮೆರಿಕದ ಅಧ್ಯಯನವೊಂದು 50 ದಾಟಿದ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿತ್ತು. ವಾರಕ್ಕೆ ಒಂದು ಬಾರಿಯಾದರೂ ಕರಿದ ಮೀನು, ಸಿಗಡಿಯಂಥವನ್ನು ತಿನ್ನುವವರಲ್ಲಿ ಹೃದಯ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ, ತಿನ್ನದವರಿಗಿಂತ ನೂರಕ್ಕೆ 13ರಷ್ಟು ಹೆಚ್ಚು ಕಂಡಿತು. ಅದೇ ಪತ್ರಿಕೆಯಲ್ಲಿ 2012ರಲ್ಲಿ ಸ್ಪೇನಿನ ಇನ್ನೊಂದು ಅಧ್ಯಯನ ಬಂದಿತ್ತು. 40,757 ಜನರನ್ನು ಸುಮಾರು 11 ವರ್ಷ ಗಮನಿಸಿದ ಅದರಲ್ಲಿ ಕರಿದ ತಿನಿಸಿಗೂ ಹೃದ್ರೋಗಕ್ಕೂ ಸಂಬಂಧವೇ ಸಿಗಲಿಲ್ಲ.

ಎರಡರಲ್ಲಿ ಒಂದು ಸುಳ್ಳಾಗಬೇಕೆಂದಿಲ್ಲ. ಸ್ಪೇನಿನವರು ಕರಿಯುವುದು ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ, ಬಹುಪಾಲು ಮನೆಯಲ್ಲಿ, ಎಣ್ಣೆಯನ್ನು ಹೆಚ್ಚು ಸಲ ಮರುಬಳಸದೆ. ಅಮೆರಿಕದಲ್ಲಿ ಕರಿದ ಮೀನೆಂದರೆ ಸಾಮಾನ್ಯವಾಗಿ ಹೋಟೆಲಿನದು. ಕೊಬ್ಬಿಲ್ಲದ ಬಿಳಿ ಮೀನಿಗೆ ದಪ್ಪ ಹಿಟ್ಟಿನ ಹೊದಿಕೆ, ಜೊತೆಗೆ ಕರಿದ ಆಲೂಗಡ್ಡೆ, ಸಿಹಿ ಪಾನೀಯ. ಆ ಅಧ್ಯಯನ ಶುರುವಾದ 1990ರ ದಶಕದಲ್ಲಿ ಅಲ್ಲಿನ ಹೋಟೆಲುಗಳ ಬಾಣಲೆಯಲ್ಲಿ ಟ್ರಾನ್ಸ್ ಕೊಬ್ಬಿನ ಎಣ್ಣೆಯೂ ಸಾಮಾನ್ಯವಾಗಿತ್ತು. 2003ರಲ್ಲಿ ಪ್ರಕಟವಾದ, 65 ದಾಟಿದವರ ಮೇಲಿನ ಇನ್ನೊಂದು ಅಮೆರಿಕನ್ ಅಧ್ಯಯನ ಇದನ್ನು ಇನ್ನಷ್ಟು ಬಿಡಿಸಿತು. ಬೇಯಿಸಿದ, ಸುಟ್ಟ ಮೀನು ತಿನ್ನುವವರ ರಕ್ತದಲ್ಲಿ ಒಮೆಗಾ-3 ಹೆಚ್ಚಿತ್ತು, ಹೃದ್ರೋಗದ ಸಾವು ಕಡಿಮೆಯಿತ್ತು. ಕರಿದ ಮೀನು, ಮೀನಿನ ಸ್ಯಾಂಡ್‌ವಿಚ್ ತಿನ್ನುವವರಲ್ಲಿ ಎರಡೂ ಕಾಣಲಿಲ್ಲ.

ಇದರಿಂದ ಧರ್ಮಪುರಿಯವರು ತೆಗೆದುಕೊಳ್ಳಬೇಕಾದ ತೀರ್ಮಾನ ಎರಡು. ಒಂದು, ಹೊಳೆ ಮೀನಿನ ಫ್ರೈ ತಿಂದು ಹೃದಯವನ್ನು ಕಾಪಾಡಿಕೊಂಡೆ ಎಂದು ಯಾರೂ ಹೇಳಿಕೊಳ್ಳುವಂತಿಲ್ಲ. ಆ ಗುಣ ಅದಕ್ಕಿಲ್ಲ. ಎರಡು, ಹೊಟ್ಟೆ ತುಂಬಿದ ದೇಶದ ಹೋಟೆಲ್ ತಿನಿಸಿನ ಮೇಲೆ ಕೊಟ್ಟ ತೀರ್ಪನ್ನು, ವಾರಕ್ಕೊಮ್ಮೆ ಮಾತ್ರ ಮೀನು ಕಾಣುವ ಕೂಲಿಯ ಮನೆಯ ತಟ್ಟೆಗೆ ತಂದು ಹಾಕುವಂತಿಲ್ಲ. ಆ ಮನೆಯವರು ಮೀನು ಬಿಟ್ಟರೆ ಅದರ ಬದಲಿಗೆ ಏನು ತಿನ್ನುತ್ತಾರೆ ಎಂಬುದೇ ನಿಜವಾದ ಪ್ರಶ್ನೆ. ಪಕ್ಕದ ಗಾಡಿಯ ಬಜ್ಜಿ, ಬೋಂಡಾ, ಪೊಟ್ಟಣದ ಚಿಪ್ಸ್ ಎಂದಾದರೆ ಎಣ್ಣೆ ಅಷ್ಟೇ ಉಳಿಯಿತು, ಪ್ರೋಟೀನು ಹೋಯಿತು. ಅದೇ ಬೆಂಗಳೂರಿನಿಂದ ಬಂದ, ಬೆಳಿಗ್ಗೆ ದಾರಿಯ ಹೋಟೆಲಿನಲ್ಲಿ ಪೂರಿ, ವಡೆ ಮುಗಿಸಿ ಮಧ್ಯಾಹ್ನ ಮೂರು ತಟ್ಟೆ ಫ್ರೈ ಏರಿಸುವ, ಬಿ.ಪಿ., ಸಕ್ಕರೆ ಎರಡೂ ಇರುವ ಐವತ್ತರ ಪ್ರವಾಸಿಗೆ ಡಾಕ್ಟರ ಎಚ್ಚರಿಕೆ ಪೂರ್ತಿ ಅನ್ವಯಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ, 2,000 ಕ್ಯಾಲೊರಿಯ ದಿನದೂಟಕ್ಕೆ ಹಾಕಿದ ಎಣ್ಣೆ ಕೊಬ್ಬಿನ ಅಳತೆ 27 ಗ್ರಾಂ. ಮೂರು ತಟ್ಟೆ ಫ್ರೈ ಅದನ್ನು ಒಂದೇ ಊಟದಲ್ಲಿ ಮುಗಿಸಬಲ್ಲದು. ಮಸಾಲೆಗೆ ಬೆರೆಸಿದ ಉಪ್ಪು ಬೇರೆ.

ಇಲ್ಲಿಗೆ ಮೀನಿನ ಲೆಕ್ಕ ಮುಗಿದು ಎಣ್ಣೆಯ ಲೆಕ್ಕ ಶುರುವಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಈ ಸೀಮೆ ಕಡಲೆಕಾಯಿ ಬೆಳೆಯುವ ಸೀಮೆ. ಗಾಣದ ಕಡಲೆಕಾಯಿ ಎಣ್ಣೆ ಇಲ್ಲಿನ ಹಳೆಯ ಅಡುಗೆ ಎಣ್ಣೆ. ಇಂದು ಅದು ದುಬಾರಿ. ತಮಿಳುನಾಡಿನ ಪಡಿತರ ಅಂಗಡಿಗಳಲ್ಲಿ 2007ರಿಂದ ಪಾಮೋಲಿನ್ ಅಗ್ಗದ ದರದಲ್ಲಿ ಸಿಗುತ್ತಾ ಬಂದಿದೆ. ಬಡವರ ಅಡುಗೆಮನೆಗೆ ಎಣ್ಣೆ ತಲುಪಿಸಿದ ಕ್ರಮ ಅದು. ಹಳಿಯಲು ನನಗೆ ಮನಸ್ಸಿಲ್ಲ. ಪಾಮೋಲಿನ್ ಬಿಸಿ ತಾಳುತ್ತದೆ, ಬೇಗ ಕೆಡುವುದಿಲ್ಲ, ಕರಿಯುವವರಿಗೆ ಇಷ್ಟವಾಗುವುದು ಅದಕ್ಕೇ. ಆದರೆ ಅದರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು. ಮನೆ, ಅಂಗಡಿ ಎರಡರಲ್ಲೂ ದಿನವೂ ಅದೇ ಎಣ್ಣೆಯಾದಾಗ ಕೊಲೆಸ್ಟರಾಲಿನ ಪ್ರಶ್ನೆ ಬಂದೇ ಬರುತ್ತದೆ.

ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ಸಲ ಕಾಯಿಸಿದ ಎಣ್ಣೆ ಎಂಬುದು ದೊಡ್ಡ ವಿಷಯ. ಮೀನಿನ ನೀರು, ಉದುರಿದ ಮಸಾಲೆ, ಗಾಳಿ, ಬಿಸಿ ನಾಲ್ಕೂ ಸೇರಿ ಎಣ್ಣೆಯನ್ನು ಒಡೆಯುತ್ತವೆ. ಅದು ಕಪ್ಪಾಗುತ್ತದೆ, ಮಂದವಾಗುತ್ತದೆ, ನೊರೆ ಕಟ್ಟುತ್ತದೆ, ಕಣ್ಣು ಮೂಗು ಉರಿಸುವ ಹೊಗೆ ಬಿಡುತ್ತದೆ. ಹೀಗೆ ಒಡೆದ ಅಂಶಗಳು ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಬಳಸಿ ಬಿಟ್ಟ ಎಣ್ಣೆಯನ್ನು ಬಯೋಡೀಸೆಲ್ ತಯಾರಿಕೆಗೆ ಸಂಗ್ರಹಿಸುವ ಯೋಜನೆಯನ್ನೂ ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ತಂದಿತು. ಎಣ್ಣೆಯ ಲೆಕ್ಕದ ಪುಸ್ತಕ ಇಡಬೇಕಾದ ಹೊಣೆ ಮಾತ್ರ ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರಿಗೆ. ಅಣೆಕಟ್ಟಿನ ಬಳಿ ಒಂದು ತವಾ ಇಟ್ಟು ನಾಲ್ಕೈದು ಲೀಟರಿನಲ್ಲಿ ದಿನ ನೂಕುವ ಹೆಂಗಸು ಈ ಬಲೆಯ ಕಣ್ಣಿನಿಂದ ಹೊರಗೇ ಉಳಿಯುತ್ತಾಳೆ. ಸಂಜೆ ಉಳಿದ ಎಣ್ಣೆಯನ್ನು ಚೆಲ್ಲಿದರೆ ಅವಳ ಆ ದಿನದ ಲಾಭದ ಒಂದು ಭಾಗವೇ ಚೆಲ್ಲಿದಂತೆ. ಹಾಗಾಗಿ ಅದೇ ಎಣ್ಣೆಗೆ ಮರುದಿನ ಹೊಸದನ್ನು ಬೆರೆಸುತ್ತಾಳೆ. ಇದನ್ನು ಅವಳ ಅಜ್ಞಾನ ಎಂದು ಕರೆಯುವುದು ಸುಲಭ. ನಿಜದಲ್ಲಿ ಇದು ಅವಳ ಜೇಬಿನ ಲೆಕ್ಕ. ಅದನ್ನು ಬದಲಿಸಲು ಭಿತ್ತಿಪತ್ರ ಸಾಲದು. ಉಳಿದ ಎಣ್ಣೆಗೆ ಯಾರಾದರೂ ದುಡ್ಡು ಕೊಡಬೇಕು.

ಬಣ್ಣದ ಪುಡಿಯ ಮಾತು ಚಿಕ್ಕದು. ಖಾರದಪುಡಿಯಿಂದ ಬರುವ ಕೆಂಪು ಮಂಕು. ಬೆಂಕಿಯಂತೆ ಹೊಳೆಯುವ ಕೆಂಪು ಕೃತಕ. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕೋಳಿ, ಮೀನಿನ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಹೊಳೆಯಲ್ಲಿ ಹಿಡಿದ ತಾಜಾ ಮೀನಿಗೆ ಆ ಅಲಂಕಾರದ ಅಗತ್ಯವೇ ಇಲ್ಲ. ಗಿರಾಕಿ ಕೇಳುವುದನ್ನು ನಿಲ್ಲಿಸಿದ ದಿನ ಅದು ನಿಲ್ಲುತ್ತದೆ.

ಇಷ್ಟೆಲ್ಲ ಕಷ್ಟ ಏಕೆ, ಸಾರು ಮಾಡಿ ತಿಂದರಾಯಿತಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಮನೆಯಲ್ಲಿ ವಾರಕ್ಕೆ ಎರಡು ಸಲ ಮೀನು ಮಾಡುವವರು ಒಂದು ಸಲವಾದರೂ ಸಾರು ಮಾಡುವುದು ಒಳ್ಳೆಯದು. ಇಳಿದ ಕೊಬ್ಬು, ಸತ್ವ ಎಲ್ಲವೂ ಸಾರಿನಲ್ಲೇ ಉಳಿದು ಮುದ್ದೆಯ ಜೊತೆ ಒಳಗೆ ಹೋಗುತ್ತದೆ. ಹೃದ್ರೋಗ, ಬಿ.ಪಿ. ಇರುವವರಿಗೆ ಸಾರೇ ಸರಿ, ಅದರಲ್ಲೂ ಉಪ್ಪು ಹಿಡಿದು. ಆದರೆ ಮೀನಿನ ವಾಸನೆಗೆ ಮುಖ ತಿರುಗಿಸುವ ಮಕ್ಕಳು ಫ್ರೈ ಎಂದರೆ ಬಂದು ಕೂರುತ್ತಾರೆ. ಮುಳ್ಳಿಗೆ ಹೆದರುವ ಅಜ್ಜ ಅಜ್ಜಿಯರಿಗೂ ಗರಿಗರಿ ತುಂಡು ಸಲೀಸು. ತಟ್ಟೆಯಲ್ಲೇ ಉಳಿದು ಕಸಕ್ಕೆ ಹೋಗುವ ಆರೋಗ್ಯಕರ ಅಡುಗೆಯ ಪೌಷ್ಟಿಕತೆ ಸೊನ್ನೆ.

ಆದ್ದರಿಂದ ನನ್ನ ತೀರ್ಪು ಇದು. ಒಳ್ಳೆಯ ಎಣ್ಣೆಯಲ್ಲಿ, ತವಾದ ಮೇಲೆ, ಹಿಟ್ಟಿನ ಹೊದಿಕೆಯಿಲ್ಲದೆ ಹುರಿದ ಮೀನು ದುಡಿಯುವ ಮನೆಗೆ ಒಳ್ಳೆಯ ಆಹಾರ. ವಾರಕ್ಕೆ ಒಂದೆರಡು ಸಲ ಅದನ್ನು ಅಂಜಿಕೆಯಿಲ್ಲದೆ ತಿನ್ನಬಹುದು, ಮಕ್ಕಳಿಗೆ ಕೊಡಬಹುದು, ಸಣ್ಣ ಮೀನಾದರೆ ಮುಳ್ಳು ಸಮೇತ. ಅಂಗಡಿಯಲ್ಲಿ ಕೊಳ್ಳುವವರು ಮೀನನ್ನು ನೋಡುವ ಮೊದಲು ಬಾಣಲೆಯನ್ನು ನೋಡಿ: ಎಣ್ಣೆ ಕಪ್ಪಾಗಿ ನೊರೆ ಕಟ್ಟಿದ್ದರೆ ಮುಂದಿನ ಅಂಗಡಿಗೆ ಹೋಗಿ. ಬಣ್ಣ ಹಾಕಬೇಡಿ ಎಂದು ಬಾಯಿಬಿಟ್ಟು ಹೇಳಿ. ಇನ್ನು ಧರ್ಮಪುರಿ, ಕೃಷ್ಣಗಿರಿ, ಸೇಲಂ ಜಿಲ್ಲೆಗಳ ಆಹಾರ ಸುರಕ್ಷತಾ ಇಲಾಖೆಗೆ ಒಂದು ಬೇಡಿಕೆ: ಹೊಗೇನಕಲ್ ಮತ್ತು ಮೆಟ್ಟೂರು, ಕೃಷ್ಣಗಿರಿ ಅಣೆಕಟ್ಟುಗಳ ಮೀನು ಅಂಗಡಿ ಸಾಲಿನಲ್ಲಿ ಉಳಿದ ಎಣ್ಣೆಯನ್ನು ಪ್ರತಿ ಸಂಜೆ ಕೊಂಡುಕೊಳ್ಳುವ ಒಂದೊಂದು ಕೇಂದ್ರ ತೆರೆಯಿರಿ, ಎಣ್ಣೆ ಅಳೆಯುವ ಸಾಧನವನ್ನು ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ತನ್ನಿ. ಕಾವೇರಿಯ ಈಚೆ ದಡದಲ್ಲಿ ಇದೇ ಮೀನು ಇದೇ ರೀತಿ ಮಾರುವ ಕಡೆಗಳಲ್ಲಿ ನಮ್ಮ ಕರ್ನಾಟಕದ ಇಲಾಖೆಯೂ ಇದನ್ನೇ ಮಾಡಬೇಕು.